ಒಂದು ಬೊಗಸೆ ನುಚ್ಚಿನ ಹೆಸರು

ಶಾಲೆಯ ಚಪ್ರಾಸಿ ನುಚ್ಚಪ್ಪನ ಹೆಸರಿನ ತುಂಬ ಬರೀ ಬಡತನವಿದೆ ಎಂದು ವಾದಿರಾಜ ಮಾಸ್ತರರು ಬಹಳ ದಿನ ನಂಬಿದ್ದರು. ಅವನು ಹುಟ್ಟಿದ ದಿನ ಮನೆಯಲ್ಲಿ ಜೋಳದ ನುಚ್ಚೊಂದೇ ಇದ್ದಿರಬೇಕು, ಮಗನ ಹೆಸರಿಗೂ ಅದನ್ನೇ ಸುರಿದಿದ್ದಾರೆ ಎಂಬುದು ಅವರ ಸಂಶೋಧನೆ.

ನಲವತ್ಮೂರನೆಯ ಇಸವಿಯಲ್ಲಿ ರಾಯಚೂರಿನಿಂದ ಮಾನ್ವಿಗೆ ಹೆಡ್‌ಮಾಸ್ತರರಾಗಿ ಬಂದವರು ಅವರು. ಹೆಸರುಗಳ ಅರ್ಥ ಬಿಡಿಸುವುದು ಅವರ ಚಟ. ಆಗಿನ ಮಾನ್ವಿಯಲ್ಲಿ ಒಂದು ಮನೆಯಲ್ಲಿ ತೊಟ್ಟಿಲು ಕಟ್ಟಿದರೆ ಇಡೀ ಓಣಿಗೆ ಬೆಲ್ಲ ಹಂಚುತ್ತಿದ್ದರು. ಮಾಸ್ತರರು ಕರೆಯದೆಯೂ ಹೋಗಿ, ಧಾತು ಪ್ರತ್ಯಯ ವಿವರಿಸಿ, ಬೆಲ್ಲ ಕೈಗೆ ಬಂದ ಮೇಲೆಯೇ ಏಳುತ್ತಿದ್ದರು.

"ನುಚ್ಚಪ್ಪಾ, ರಜಿಸ್ಟರಿನ್ಯಾಗ ನಿನ್ನ ಹೆಸರು ನರಸಿಂಹ ಅಂತ ಬರದುಬಿಡ್ತೀನಿ. ಕರಿಯೋರಿಗೂ ಮರ್ಯಾದಿ."

"ಬ್ಯಾಡ್ರೀ ಮಾಸ್ತರ್ರ. ನರಸಿಂಹ ಅಂದ್ರ ನಾ ಓ ಅನ್ನಂಗಿಲ್ಲ. ಆಮ್ಯಾಲೆ ಗಂಟಿ ಯಾರು ಹೊಡೀತಾರ?"

ತಮ್ಮ ಮಕ್ಕಳಿಗೆ ಮಾತ್ರ ಮಾಸ್ತರರು ಭಾರಿ ಹೆಸರುಗಳನ್ನೇ ಹುಡುಕಿದ್ದರು. ಮೊದಲನೆಯವ ದಿಗ್ವಿಜಯ, ಎರಡನೆಯವ ಅಮರೇಂದ್ರ. ತಾಯಿಯ ಬಾಯಿಗೆ ಆ ಹೆಸರು ರೂಢಿಯಾಗುವ ಮೊದಲೇ ಇಬ್ಬರೂ ಹೋಗಿಬಿಟ್ಟರು. ಮೂರನೆಯ ಬಾಣಂತನಕ್ಕೆ ಹೆಂಡತಿ ಜಾನಕಿಬಾಯಿ ದೇವದುರ್ಗದ ತವರಿಗೆ ಹೋದಾಗ, ಮಾಸ್ತರರು ಹೆಸರಿನ ಮಾತೇ ಎತ್ತಲಿಲ್ಲ.

ಕೊನೆಗೆ ಕಾಗದ ಬಂತು. ಗಂಡು ಕೂಸು. ಕೆಳಗೆ ಜಾನಕಿಬಾಯಿ ಹೇಳಿ ಬರೆಸಿದ ಸಾಲು: ತೊಟ್ಟಿಲಿಗೆ ನುಚ್ಚಪ್ಪನನ್ನು ಕರೆದುಕೊಂಡೇ ಬರಬೇಕು.

ನುಚ್ಚಪ್ಪ ಕೇಳಿ ತಲೆಯಾಡಿಸಿದ. ಗಾಡಿ ಕಟ್ಟಿ ಮೊದಲು ಮಲ್ಲಟದ ಕಡೆ ಹೊಡೆದ.

"ಮಲ್ಲಟಕ್ಕ ಯಾಕೋ?"

"ಹೀರಾಬಿಯವ್ವನ್ನ ಕೂಡಿಸ್ಕೋಬೇಕ್ರಿ. ನನ್ನ ಕೊಂಡಾಕಿ ಆಕಿ."

ನುಚ್ಚಪ್ಪ ಹೇಳಿದ ಕಥೆಗೆ ಮಾಸ್ತರರ ಸಂಶೋಧನೆ ಗಾಡಿಯಲ್ಲೇ ಕುಸಿಯಿತು. ನುಚ್ಚಪ್ಪನ ತಾಯಿ ಗದ್ದೆಮ್ಮ ನಾಲ್ಕು ಕೂಸು ಕಳೆದುಕೊಂಡವಳು. ಐದನೆಯದನ್ನು ಮೊರದಲ್ಲಿ ಮಲಗಿಸಿ, ಪಕ್ಕದ ಮನೆಯ ಹೀರಾಬಿಗೆ ಒಂದು ಬೊಗಸೆ ನುಚ್ಚಿಗೆ ಮಾರಿಬಿಟ್ಟಳು. ಇಷ್ಟು ಅಗ್ಗದ, ಅದೂ ಮಂದಿಯ ಮನೆಯ ಕೂಸಿನ ಮೇಲೆ ಸಾವು ಕಣ್ಣು ಹಾಕುವುದಿಲ್ಲ. ಆ ನುಚ್ಚನ್ನು ಗದ್ದೆಮ್ಮ ಅಂದೇ ಕುದಿಸಿ ಉಂಡಳು. ಉಂಡದ್ದನ್ನು ಹಿಂದಕ್ಕೆ ಕೊಡಲಾಗದು, ವ್ಯಾಪಾರ ಮುರಿಯದು. ಮಗ ತನ್ನ ಮನೆಯಲ್ಲೇ ಬೆಳೆದರೂ ಯಾರು ಕೇಳಿದರೂ "ಹೀರಾಬೀದು" ಎನ್ನುತ್ತಿದ್ದಳು.

ದೇವದುರ್ಗದ ಮನೆಯ ಹಿತ್ತಲ ಬಾಗಿಲಲ್ಲಿ ಮೊರ ಸಿದ್ಧವಾಗಿತ್ತು. ಮಾಸ್ತರರು ಕೆಮ್ಮಿದರು.

"ಅಲ್ಲ, ಶಾಸ್ತ್ರದಾಗ ಇದಕ್ಕ ಆಧಾರ..."

"ಎರಡು ಸಲ ಹೆಸರು ನೀವಿಟ್ರಿ," ಎಂದರು ಜಾನಕಿಬಾಯಿ. "ಈ ಸಲ ನಾ ಇಡ್ತೀನಿ."

"ಆ ನುಚ್ಚು ನಮ್ಮ ಅಡಗಿಮನಿಗೆ ಹ್ಯಾಂಗ?"

"ಹಸಿ ಕಾಳಿಗೆ ಎಂಥಾ ಮೈಲಿಗಿರಿ ಅಳಿಯಂದ್ರ?" ಅತ್ತೆ ಒಳಗಿನಿಂದಲೇ ಗದರಿಸಿದರು.

ಎಪ್ಪತ್ತು ದಾಟಿದ ಹೀರಾಬಿ ಬಗ್ಗಿ ಕೂಸನ್ನು ನೋಡಿದಳು. "ಮಾಸ್ತರ್ರ, ಕೂಸು ಕೆಂಪಗದ ಅಂತ ಜಾಸ್ತಿ ಕೇಳಬ್ಯಾಡ್ರಿ. ನನ್ನ ಬೇಟಾಗ ಎಷ್ಟು ಕೊಟ್ಟಿದ್ದೆನೋ ಅಷ್ಟೇ."

ಸೆರಗಿನ ಗಂಟು ಬಿಚ್ಚಿ ಬೊಗಸೆ ನುಚ್ಚು ಸುರಿದು ಕೂಸಿದ್ದ ಮೊರ ಎತ್ತಿಕೊಂಡಳು. ಆ ಕ್ಷಣ ಮಾಸ್ತರರ ಕೈ ತಾನಾಗಿಯೇ ಮುಂದೆ ಚಾಚಿತು. ನುಚ್ಚಪ್ಪ ಆ ಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿದ. ಬಾಣಂತಿ ನುಚ್ಚಿನ ಗಂಜಿಯನ್ನು ಒಂದು ಅಗುಳೂ ಬಿಡದೆ ಉಂಡು ಮುಗಿಸಿದ ಮೇಲೆ, ಹೀರಾಬಿ ತನ್ನ ಕೂಸನ್ನು "ಜ್ವಾಪಾನ ಮಾಡ್ರಿ" ಎಂದು ಅವರ ತೊಟ್ಟಿಲಲ್ಲಿ ಮಲಗಿಸಿದಳು. ಹೆಸರು, ನುಚ್ಚಾಚಾರ್ಯ. ಮಾಸ್ತರರು ಅದರ ಧಾತು ಹುಡುಕುವ ಗೋಜಿಗೆ ಹೋಗಲಿಲ್ಲ.

ಜ್ವರದ ಎರಡು ಮಳೆಗಾಲ ಕಳೆದವು. ನುಚ್ಚಾಚಾರ್ಯ ಶಾಲೆಯ ಗಂಟೆಯ ಕೆಳಗೆ ತಪ್ಪುಹೆಜ್ಜೆ ಇಡತೊಡಗಿದ. ಮಗನ ಕಾಲಿಗೆ ಬಲ ಬಂದಂತೆ ಅಪ್ಪನಿಗೆ ಪಾಂಡಿತ್ಯವೂ ಮರಳಿತು. ಒಂದು ಮಧ್ಯಾಹ್ನ ಗಂಟೆಯ ಕಟ್ಟೆಯ ಮೇಲೆ ಕೂತು, ಕನ್ನಡಕ ಒರೆಸುತ್ತ ಕೇಳಿದರು:

"ಅಲ್ಲೋ ನುಚ್ಚಪ್ಪಾ, ಯಮಧರ್ಮ ಅಂದ್ರ ಸಾಮಾನ್ಯ ಏನು? ಇಷ್ಟು ಸಣ್ಣ ಮೋಸ ಅವಗ ತಿಳಿಯಂಗಿಲ್ಲೇನು?"

"ನನಗ ಐವತ್ತಾತ್ರಿ ಮಾಸ್ತರ್ರ," ಎಂದ ನುಚ್ಚಪ್ಪ. "ಇನ್ನಾ ತಿಳದಿಲ್ಲ."