ಒಂದು ಒರಳಿಗೆ ಮೂರು ಚೀಟಿ

ಶ್ರೀಕಂಠಯ್ಯನವರ ಖಾದಿ ಚೀಲದಲ್ಲಿ ಒಂದೇ ಒರಳುಕಲ್ಲಿಗೆ ಮೂರು ಚೀಟಿಗಳಿದ್ದವು. ಮಠದವರು ಬರುವ ದಿನ ಅದು 'ದಾಸೋಹದ ಒರಳು'. ಬೆಂಗಳೂರಿನಿಂದ ಇಲಾಖೆಯವರು ಬರುವ ದಿನ 'ಗಂಗರ ಕಾಲದ್ದೆಂದು ನಂಬಲಾದ ಶಿಲಾ ಒರಳು'. ಸೊಸೈಟಿಯವರೋ ಬ್ಯಾಂಕಿನವರೋ ಬಂದರೆ 'ನಮ್ಮ ರೈತಾಪಿ ಬದುಕಿನ ಒರಳು'. ಮೂರನ್ನೂ ದುಂಡಗೆ ಬರೆದುಕೊಟ್ಟವಳು ನಾನೇ. ಅಸಲಿಗೆ ಆ ಕಲ್ಲು ಸಿಕ್ಕಿದ್ದು ನಮ್ಮ ಸಂಗ್ರಹಾಲಯದ ಹಿತ್ತಿಲಲ್ಲಿ. ಮೊದಲು ಆ ಕಟ್ಟಡ ಛತ್ರವಾಗಿದ್ದಾಗ ಅಡುಗೆಯವರು ಅದರಲ್ಲಿ ಚಟ್ನಿ ರುಬ್ಬಿ, ಹೋಗುವಾಗ ಅಲ್ಲೇ ಬಿಟ್ಟುಹೋಗಿದ್ದರು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ಆಡುವವರು ಆಡಲಿ. ಈ ಮನುಷ್ಯನ ನೆನಪಾದರೆ ನನ್ನ ಬಾಯಿಗೆ ಇವತ್ತಿಗೂ ಆ ಒಳ್ಳೆಯ ಮಾತು ಬರುವುದಿಲ್ಲ.

ತಿರುಮಕೂಡಲು ನರಸೀಪುರದಲ್ಲಿ, ಕಪಿಲೆಯ ದಡಕ್ಕೆ ಹತ್ತಿರದ ಆ ಹಳೇ ಛತ್ರದಲ್ಲಿ ಊರಿನ ಕೆಲವರು ಸೇರಿ ಒಂದು ವಸ್ತುಸಂಗ್ರಹಾಲಯ ಮಾಡಿದ್ದರು. ಹೊಲದಲ್ಲಿ ಬಿದ್ದಿದ್ದ ವೀರಗಲ್ಲು, ಹೊಳೆಯಲ್ಲಿ ಸಿಕ್ಕ ಮಡಕೆ ಚೂರು, ತಾಳೆಗರಿಯ ಕಟ್ಟು, ಬಳ್ಳ, ಸೇರು, ಇಂಥವು. ಎಪ್ಪತ್ತರ ದಶಕದ ಕೊನೆಯಲ್ಲಿ ಪಿಯುಸಿ ಮುಗಿಸಿದ್ದ ನನ್ನನ್ನು ಅಲ್ಲಿ ತಾತ್ಕಾಲಿಕವಾಗಿ ಗುಮಾಸ್ತೆ ಅಂತ ತೆಗೆದುಕೊಂಡರು. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ತಗಡೂರಿನ ಪಕ್ಕದ ನಮ್ಮೂರಿನಲ್ಲಿ ಅವ್ವ ಒಬ್ಬಳೇ ಕೂಲಿಗೆ ಹೋಗುತ್ತಿದ್ದಳು. ಆ ಕೆಲಸ ನನಗೆ ಎಷ್ಟು ಬೇಕಿತ್ತು ಅನ್ನುವುದು ಶ್ರೀಕಂಠಯ್ಯನವರಿಗೆ ಚೆನ್ನಾಗಿ ಗೊತ್ತಿತ್ತು.

ಅವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ಸಂಗ್ರಹಾಲಯದ ಗೌರವ ಕಾರ್ಯದರ್ಶಿ. ಬರೀ ಹೆಸರಿಗೆ ಕಾರ್ಯದರ್ಶಿ. ಮಾಡುತ್ತಿದ್ದದ್ದು ಒಂದೇ ಕೆಲಸ, ಸರ್ಕಾರದಿಂದ ಅನುದಾನ, ಸಂಸ್ಥೆಗಳಿಂದ ದೇಣಿಗೆ ತರುವುದು. ವಾರಕ್ಕೆ ನಾಲ್ಕು ದಿನ ನಂಜನಗೂಡಿನಿಂದ ಬೆಳಗಿನ ಬಸ್ಸಿಗೆ ಬಂದಿಳಿಯುತ್ತಿದ್ದರು. ಚೀಲದಲ್ಲಿ ಅರ್ಜಿಯ ಪ್ರತಿಗಳು, ಒಂದು ಡಬ್ಬಿ ಮೊಸರನ್ನ, ಒಂದು ಕೆಂಪು ಪೆನ್ಸಿಲ್ಲು.

ಆ ಪೆನ್ಸಿಲ್ಲಿನ ಕಥೆ ಹೇಳಬೇಕು. ಬಂದವರೇ ಮೊದಲು ಪತ್ರಿಕೆ ಬಿಡಿಸಿ ನಿಧನವಾರ್ತೆಗಳಿಗೆ ಕೆಂಪು ಗುರುತು ಹಾಕುವುದು. ಯಾರ ಮಕ್ಕಳು ಅನುಕೂಲಸ್ಥರು, ಯಾರು ಅಪ್ಪನ ಹೆಸರಿನಲ್ಲಿ ಏನಾದರೂ ಕೊಡಬಹುದು ಅಂತ ಲೆಕ್ಕ. ಒಂದು ದಿನ ನಾನು ಮುಖ ಸಿಂಡರಿಸಿದ್ದು ಕಂಡು ಹೇಳಿದರು:

"ಹನ್ನೊಂದು ದಿನದ ಒಳಗೆ ಹೋದ್ರೆ ಅಳ್ತಿರ್ತಾರೆ. ವರ್ಷ ಬಿಟ್ಟು ಹೋದ್ರೆ ಮರೆತಿರ್ತಾರೆ. ಇಪ್ಪತ್ತನೇ ದಿನಕ್ಕೆ ಹೋಗಬೇಕು ಕಣಮ್ಮ. ಆಗ ದುಃಖಾನೂ ಇರುತ್ತೆ, ಬಿಡುವೂ ಇರುತ್ತೆ."

ಥೂ ಅನ್ನಿಸಿತು. ಆದರೆ ಅವರು ಹೇಳಿದ ಹಾಗೇ ಆಗುತ್ತಿತ್ತು ನೋಡಿ! ಇಪ್ಪತ್ತನೇ ದಿನ ಹೋದ ಮನೆಯಿಂದ ಬರಿಗೈಯಲ್ಲಿ ಬಂದದ್ದು ನನಗೆ ನೆನಪಿಲ್ಲ.

ನಾನು ಬರೆದ ಅರ್ಜಿಗಳನ್ನು ಅವರು ಪೂರ್ತಿ ಓದುತ್ತಲೇ ಇರಲಿಲ್ಲ. ಎರಡು ಸಾಲು ನೋಡಿ ಪರಪರ ಹರಿದು ಹಾಕುತ್ತಿದ್ದರು. "'ದಯಮಾಡಿ ಸಹಾಯ ಮಾಡಬೇಕು' ಅಂತ ಬರೆದಿದೀಯಲ್ಲ, ನಾವೇನು ಗುಡಿ ಮುಂದೆ ಕೂತಿದೀವಾ? ಕೊಡೋನಿಗೆ ತಾನು ಕೊಡದೇ ಹೋದ್ರೆ ತನ್ನದೇನೋ ಹಾಳಾಗುತ್ತೆ ಅನ್ನಿಸಬೇಕು. ಮತ್ತೆ ಬರಿ." ಒಂದು ಅರ್ಜಿಯನ್ನು ಏಳು ಸಲ ಬರೆಸಿದ್ದುಂಟು. ಏಳನೆಯದನ್ನು ಓದಿ, "ಪರವಾಗಿಲ್ಲ, ಅಕ್ಷರವಾದರೂ ಚೆನ್ನಾಗಿದೆ" ಅಂದರು. ಆರು ವರ್ಷಕ್ಕೆ ಅವರ ಬಾಯಿಂದ ನನಗೆ ಬಂದ ಹೊಗಳಿಕೆ ಅದೊಂದೇ.

ಕಚೇರಿಗಳಲ್ಲಿ ಅವರು ಕೂರುತ್ತಿದ್ದ ರೀತಿಯೂ ಒಂದು ತರಹದ ಹಠ. ಸಾಹೇಬರು ಸಿಗುವುದಿಲ್ಲ ಅಂದರೆ ಬಾಗಿಲ ಎದುರಿನ ಬೆಂಚಿನ ಮೇಲೆ ಕೂತು, ಅಲ್ಲೇ ಮೊಸರನ್ನ ಉಂಡು, ಮರುದಿನ ಮತ್ತೆ ಅದೇ ಬೆಂಚು. ಮೂರನೇ ದಿನಕ್ಕೆ ಸಾಹೇಬರೇ ಸೋತು ಒಳಗೆ ಕರೆಯುತ್ತಿದ್ದರು. ಇಷ್ಟೆಲ್ಲ ಮಾಡಿ ತಮಗೆ ಅಂತ ಒಂದು ಕಾಫಿಯನ್ನೂ ಸಂಗ್ರಹಾಲಯದ ದುಡ್ಡಿನಲ್ಲಿ ಕುಡಿದವರಲ್ಲ. ಬಸ್ ಚಾರ್ಜೂ ಸ್ವಂತದ್ದು. ನನಗೆ ಇನ್ನೂ ಉರಿಯುವುದು ಇದೇ ಕಾರಣಕ್ಕೆ. ಕಳ್ಳನಾಗಿದ್ದರೆ ಬಾಯಿ ತುಂಬ ಬೈದು ಹಗುರಾಗಬಹುದಿತ್ತು.

ನಾನು ಸೇರಿದ ಎರಡನೇ ವರ್ಷ ನಮ್ಮಜ್ಜಿಯ ಚರಕ ಅಲ್ಲಿಗೆ ಬಂತು. ಅಜ್ಜಿ ಅಂದರೆ ಅಪ್ಪನ ತಾಯಿ, ಚಿಕ್ಕತಾಯಮ್ಮ. ತಗಡೂರಿನ ಕಡೆ ಖಾದಿ, ಚಳವಳಿ ಅಂತ ಜನ ಎದ್ದಿದ್ದ ಕಾಲದಲ್ಲಿ ಹಗಲು ಗದ್ದೆಯಲ್ಲಿ ದುಡಿದು ಸಂಜೆ ಕೂತು ನೂಲುತ್ತಿದ್ದವಳು. ಜೈಲಿಗೂ ಹೋಗಿಬಂದಳು. ಅವಳದೊಂದು ಫೋಟೋ ಇಲ್ಲ, ಪಿಂಚಣಿ ಬರಲಿಲ್ಲ, ಯಾವ ಪಟ್ಟಿಯಲ್ಲೂ ಹೆಸರಿಲ್ಲ. ಉಳಿದಿದ್ದದ್ದು ಆ ಚರಕ ಒಂದೇ. ಶ್ರೀಕಂಠಯ್ಯನವರು ಕೇಳಿದಾಗ ಅವ್ವ ಅದನ್ನು ತಲೆಯ ಮೇಲೆ ಹೊತ್ತು ತಂದು ಅವರ ಮುಂದಿಟ್ಟಳು.

"ಸಾ, ನಂಗೇನೂ ಬ್ಯಾಡ. ನಮ್ಮತ್ತೆ ಎಸ್ರು ಒಂದು ಬರ್ಸಿ ಮಡಗ್ಬುಡಿ. ನಾಕು ಜನ ಓದ್ಲಿ."

"ಖಂಡಿತ ತಾಯಿ. ಅದಕ್ಕೇ ಅಲ್ವೇ ನಾವಿರೋದು" ಅಂದರು ಆ ಪುಣ್ಯಾತ್ಮ.

'ತಗಡೂರು ಸೀಮೆಯ ಚಿಕ್ಕತಾಯಮ್ಮನವರು ನೂತ ಚರಕ' ಅಂತ ನಾನೇ ಬರೆದು ಗಾಜಿನ ಪೆಟ್ಟಿಗೆಯಲ್ಲಿಟ್ಟೆ. ಆ ಚೀಟಿ ಅಲ್ಲಿದ್ದದ್ದು ಹನ್ನೆರಡು ದಿನ.

ಆ ವರ್ಷದ ಮಳೆಗೆ ಛತ್ರದ ತಾರಸಿ ಸೋರಿ ತಾಳೆಗರಿಗಳಿಗೆ ಬೂಷ್ಟು ಹಿಡಿದಿತ್ತು. ಅರ್ಧ ಖರ್ಚು ಊರಿನವರಿಂದ ಬಂದರೆ ಉಳಿದರ್ಧ ಸರ್ಕಾರ ಕೊಡುತ್ತದೆ ಅಂತ ಆದೇಶವಾಗಿತ್ತು. ಊರಿನ ಅರ್ಧಕ್ಕೆ ಶ್ರೀಕಂಠಯ್ಯನವರು ಹಿಡಿದದ್ದು ರೈಸ್ ಮಿಲ್ಲಿನ ಸಿದ್ದಪ್ಪನವರನ್ನು. ಅವರ ತಂದೆ ಪುಟ್ಟಮಾದಪ್ಪನವರು ತೀರಿಕೊಂಡು ಇಪ್ಪತ್ತು ದಿನವಾಗಿತ್ತು ಅಂತ ಬೇರೆ ಹೇಳಬೇಕಿಲ್ಲ. ಸಿದ್ದಪ್ಪನವರು ಎಲ್ಲ ನೋಡಿ, ಯಾವುದರ ಮುಂದೆಯೂ ನಿಲ್ಲದೆ, ಹೊರಡುವ ಹೊತ್ತಿಗೆ ಚರಕದ ಹತ್ತಿರ ನಿಂತರು.

"ನಮ್ಮಪ್ಪಾರ ಕಾಲ್ದಲ್ಲೂ ಇಂಥದ್ದು ಮನೇಲಿತ್ತು ಕಣ್ರೀ."

ಆ ಪೆಟ್ಟಿಗೆಗೂ ಅವರಿಗೂ ನಡುವೆ ಶ್ರೀಕಂಠಯ್ಯನವರು ಎಷ್ಟು ಬೇಗ ಬಂದು ನಿಂತರು ಅಂತೀರಿ! ಚೀಟಿಗೆ ಬೆನ್ನು ಅಡ್ಡ ಹಿಡಿದು, "ನೋಡಿ, ಇದೂ ಯಾರು ನೂತದ್ದೋ ಏನೋ! ನಾಡಿದ್ದು ಮನೆಯವರನ್ನೆಲ್ಲ ಕರ್ಕೊಂಡು ಬನ್ನಿ. ನಿಮ್ಮ ತಂದೆಯವರ ನೆನಪು ಇಲ್ಲಿ ನಿಲ್ಲಬೇಕು" ಅಂದರು.

ಅವರು ಹೋದ ಮೇಲೆ ಶ್ರೀಕಂಠಯ್ಯನವರು ನನ್ನ ಮುಂದೆ ಒಂದು ಬಿಳೀ ಕಾರ್ಡು ಇಟ್ಟರು. "ಬರಿ. 'ದಿವಂಗತ ಪುಟ್ಟಮಾದಪ್ಪನವರು ನೂತ ಚರಕ.'"

"ಸಾರ್, ಅದು ನಮ್ಮಜ್ಜೀದು."

"ಗೊತ್ತು. ಒಂದು ದಿನದ ಮಟ್ಟಿಗೆ. ಒರಳಿನ ಚೀಟಿ ಬದಲಾಯಿಸಲ್ವಾ, ಹಾಗೇ."

"ಒರಳು ಕೇಳಕ್ಕೆ ಬರಲ್ಲ ಸಾರ್. ನಮ್ಮವ್ವ ಬತ್ತಾಳೆ."

"ತಾರಸಿ ಬಿದ್ದುಹೋದ್ರೆ ನಿಮ್ಮಜ್ಜಿ ಚರಕಾನೂ ಇರಲ್ಲ, ನಿನ್ನ ಕೆಲಸಾನೂ ಇರಲ್ಲ. ಬರೀತೀಯೋ, ಬೇರೆಯವರ ಕೈಲಿ ಬರೆಸಲೋ?"

ಬರೆದೆ. ಒಂದು ಅಕ್ಷರವೂ ಕೆಡಲಿಲ್ಲ. ಅದನ್ನು ನೆನೆದರೆ ನನ್ನ ಮೇಲೇ ನನಗೆ ಅಸಹ್ಯ.

ಒಂದು ದಿನದ ಮಾತು ಒಂದು ದಿನಕ್ಕೆ ಮುಗಿಯಲಿಲ್ಲ. ಮಠದವರು, ಇಲಾಖೆಯವರು ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದರು, ಚೀಟಿ ಬದಲಾಯಿಸುವುದು ಸುಲಭ. ಸಿದ್ದಪ್ಪನವರ ಮಿಲ್ಲು ಇದ್ದದ್ದು ಎರಡು ಬೀದಿ ಆಚೆ. ಮನೆಗೆ ಬಂದ ನೆಂಟರನ್ನೆಲ್ಲ ವಾರವಾರವೂ ಕರೆತಂದು ಅಪ್ಪನ ಚರಕ ತೋರಿಸತೊಡಗಿದರು. ಮನೆಯಿಂದ ಹೋದ ಚರಕವೇ ಹೇಗೋ ಇಲ್ಲಿಗೆ ಬಂದು ಸೇರಿದೆ ಅಂತ, ಪಾಪ, ಅವರು ನಿಜವಾಗಿಯೂ ನಂಬಿಬಿಟ್ಟಿದ್ದರು. ಒಂದು ಸಲ ಆ ಪೆಟ್ಟಿಗೆಯ ಮುಂದೆ ಕಣ್ಣೊರೆಸಿಕೊಂಡದ್ದನ್ನು ನಾನೇ ನೋಡಿದೆ. ಚೀಟಿ ತೆಗೆಯುವ ದಿನ ಬರಲೇ ಇಲ್ಲ.

ಬಂದದ್ದು ಅವ್ವ. ಹೊಸ ತಾರಸಿಯ ಸಮಾರಂಭದ ದಿನ, ಒಂದು ಚಿಪ್ಪು ರಸಬಾಳೆ ಹಿಡಿದು, ಮಡಿಸಿಟ್ಟಿದ್ದ ಸೀರೆ ಉಟ್ಟು ಬಂದಳು. ಅವ್ವನಿಗೆ ಓದು ಬರುತ್ತಿರಲಿಲ್ಲ. ಪೆಟ್ಟಿಗೆಯ ಮುಂದೆ ನಿಂತು, "ಏನಂತ ಬರ್ದವ್ರೆ, ಓದವ್ವ" ಅಂದಳು.

ಪಕ್ಕದಲ್ಲೇ ಶ್ರೀಕಂಠಯ್ಯನವರಿದ್ದರು. ನನ್ನ ಕಡೆ ನೋಡಲೂ ಇಲ್ಲ. ನಾನು ಓದಿದೆ: "ತಗಡೂರು ಸೀಮೆಯ ಚಿಕ್ಕತಾಯಮ್ಮನವರು ನೂತ ಚರಕ."

ಅವ್ವ ಗಾಜಿನ ಮೇಲೆ ಬೆರಳಿಟ್ಟು ಆ ಸಾಲನ್ನು ಕೊನೆಯವರೆಗೂ ಸವರಿದಳು. ಆಮೇಲೆ ಬಾಳೆಹಣ್ಣಿನ ಚಿಪ್ಪನ್ನು ಶ್ರೀಕಂಠಯ್ಯನವರ ಕೈಗಿಟ್ಟು, ಬಗ್ಗಿ ಕಾಲು ಮುಟ್ಟಿದಳು. "ನಿಮ್ ಒಟ್ಟೆ ತಣ್ಣಗಿರ್ಲಿ ಸಾ." ಆ ಮನುಷ್ಯ ಅಲ್ಲೇ ನಿಂತು ಒಂದು ಹಣ್ಣು ಸುಲಿದು ತಿಂದರು. "ಬಲು ರುಚಿ ತಾಯಿ" ಅಂದರು. ಇನ್ನೊಂದನ್ನೂ ಸುಲಿದರು.

ವರ್ಷಗಳು ಹೋದವು. ನಮ್ಮೂರಿನಲ್ಲಿ ವಯಸ್ಕರ ಶಿಕ್ಷಣದ ತರಗತಿ ಶುರುವಾಯಿತು. ಅವ್ವ ಹೋಗಿ ಸೇರಿದಳು. ಭಾನುವಾರ ನಾನು ಊರಿಗೆ ಹೋದಾಗ ಸ್ಲೇಟು ತಂದು ಮುಂದಿಡುತ್ತಿದ್ದಳು. ಮೇಲೆ ನಾನು ಬರೆದುಕೊಡಬೇಕು, ಕೆಳಗೆ ಅವಳು ತಿದ್ದಬೇಕು. "ಮೇಷ್ಟ್ರುದ್ಕಿಂತ ನಿನ್ನಕ್ಸರಾನೇ ಗುಂಡುಗವೆ" ಅನ್ನುತ್ತಿದ್ದಳು. ಒತ್ತಕ್ಷರದವರೆಗೂ ಬಂದ ಮೇಲೆ ಒಂದು ದಿನ ಹೇಳಿದಳು, "ಇನ್ನೊಂದ್ ತಿಂಗ್ಳು ಕಣವ್ವ. ಆಮೇಲೆ ನರಸೀಪುರುಕ್ ಬಂದು ನಮ್ಮತ್ತೆ ಎಸ್ರ ನಾನೇ ಓದ್ತೀನಿ."

ಮಾರನೇ ದಿನವೇ ನಂಜನಗೂಡಿನ ಬಸ್ಸು ಹತ್ತಿದೆ. ಶ್ರೀಕಂಠಯ್ಯನವರು ಮಂಡಿನೋವು ಅಂತ ಬರುವುದನ್ನು ಕಮ್ಮಿ ಮಾಡಿದ್ದರು. ಜಗಲಿಯಲ್ಲಿ ಕೂತು ಪತ್ರಿಕೆಗೆ ಕೆಂಪು ಗುರುತು ಹಾಕುತ್ತಿದ್ದರು. ನಾನು ಕೂರಲೂ ಇಲ್ಲ, ಒಂದೇ ಉಸಿರಿಗೆ ಎಲ್ಲ ಒದರಿದೆ. ಸುಳ್ಳುಗಾರ ಅಂದೆ. ನಮ್ಮಜ್ಜಿಯನ್ನು ಮಾರಿಕೊಂಡಿರಿ ಅಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಆಯ್ತಾ? ಈಗ ನನ್ನ ಮಾತು ಕೇಳು. ಚೀಟಿ ಬರೆದೋಳು ನೀನು. ಪೆಟ್ಟಿಗೆ ಬೀಗದ ಕೈ ಇರೋದು ನಿನ್ನ ಸೊಂಟದಲ್ಲಿ. ಇಷ್ಟು ವರ್ಷದಲ್ಲಿ ಒಂದು ದಿನ ಆ ಬೀಗ ತೆಗೆಯೋದಕ್ಕೆ ನಾನು ಅಡ್ಡ ಬಂದಿದೀನಾ?"

"ನೀವು ಕೆಲಸದಿಂದ ತೆಗೆದುಬಿಡ್ತಿದ್ರಿ."

"ತೆಗೀತಿದ್ದೆ" ಅಂದರು ಸಲೀಸಾಗಿ. "ಸಿದ್ದಪ್ಪನೋರು ಎರಡನೇ ಕೋಣೆಗೂ ಕೊಡ್ತೀನಿ ಅಂದಿದಾರೆ. ಬರೋ ತಿಂಗಳು. ಅದಕ್ಕೆ ಮುಂಚೆ ಬದಲಾಯಿಸ್ತೀಯೋ, ಆಮೇಲೋ, ನೀನೇ ನೋಡ್ಕೋ. ನನ್ನನ್ನ ಕೇಳಬೇಡ. ನಾನು ಕೇಳಿದ್ದು ನನಗಲ್ಲ, ಆ ಕಲ್ಲುಗಳಿಗೆ ಒಂದು ಸೂರು. ನನ್ನ ಪಾಪ ನನಗಿರಲಿ, ನಿನ್ನದನ್ನ ತಂದು ಇಲ್ಲಿ ಸುರೀಬೇಡ."

ಅವರ ಹೆಂಡತಿ ನೀರು ತಂದರು. ನಾನು ಕುಡಿಯದೆ ಎದ್ದು ಬಂದೆ. ಅದೇ ಕೊನೆ, ಮತ್ತೆ ಅವರ ಮುಖ ನೋಡಲಿಲ್ಲ.

ಸಂಗ್ರಹಾಲಯಕ್ಕೆ ಬಂದವಳೇ ಅಜ್ಜಿಯ ಹೆಸರಿನ ಹೊಸ ಚೀಟಿ ಬರೆದೆ. ಬರೆದು ಏನು ಮಾಡಿದೆ ಗೊತ್ತೇ? ಮೇಜಿನ ಡ್ರಾಯರಿನಲ್ಲಿಟ್ಟೆ. ಎರಡನೇ ಕೋಣೆ ಆಗಿಬಿಡಲಿ, ಇನ್ನೊಂದೇ ತಿಂಗಳಲ್ಲವೇ, ಅವ್ವನಿಗೆ ಏನಾದರೂ ನೆಪ ಹೇಳಿದರಾಯಿತು ಅಂದುಕೊಂಡೆ. ಅವರು ಹೇಳಿಕೊಟ್ಟ ವಿದ್ಯೆ ಅಷ್ಟು ಚೆನ್ನಾಗಿ ಹತ್ತಿತ್ತು ನನಗೆ.

ಎರಡು ವಾರಕ್ಕೆ ಶ್ರೀಕಂಠಯ್ಯನವರು ತೀರಿಕೊಂಡರು. ಎದೆನೋವು ಅಂದರಂತೆ, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ಸಂಗ್ರಹಾಲಯದಲ್ಲಿ ಸಂತಾಪ ಸಭೆ ಇಟ್ಟುಕೊಂಡರು. ಮಗನಿಂದ ಅಪ್ಪನ ಹೆಸರಿನಲ್ಲಿ ಒಂದು ದೇಣಿಗೆ ಕೇಳೋಣ ಅಂತ ಅಧ್ಯಕ್ಷರು ಇಪ್ಪತ್ತನೇ ದಿನವನ್ನೇ ಗೊತ್ತು ಮಾಡಿದರು. ನನಗೆ ನಗು ಬಂತು.

ಸಭೆ ಶುರುವಾದಾಗ ಬಾಗಿಲಲ್ಲಿ ಅವ್ವ! ನಾನು ಹೇಳಿ ಕಳಿಸಿರಲಿಲ್ಲ. ಯಾರದೋ ಬಾಯಲ್ಲಿ ಸುದ್ದಿ ಕೇಳಿ ಕೂಲಿ ಬಿಟ್ಟು ಬಂದಿದ್ದಳು. "ನಮ್ಮತ್ತೆ ಎಸ್ರು ನಿಲ್ಸಿದ ದೇವ್ರಂಥ ಮನ್ಸ, ಬರದೆ ಇರಕ್ಕಾದದಾ?" ಅಂದು, ನಾನು ಕೈ ಹಿಡಿಯುವಷ್ಟರಲ್ಲಿ ಸೀದಾ ಚರಕದ ಪೆಟ್ಟಿಗೆಯ ಹತ್ತಿರ ನಡೆದಳು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು.

"ದಿ... ವಂ... ಗ... ತ. ಪು... ಟ್ಟ... ಮಾ... ದ... ಪ್ಪ."

ಮತ್ತೆ ಮೊದಲಿಂದ ಓದಿದಳು. ತನ್ನ ಓದೇ ತಪ್ಪಿರಬೇಕು ಅಂದುಕೊಂಡಿದ್ದಳು ಪಾಪ. ಮೂರನೇ ಸಲ ಓದಿ ನನ್ನ ಕಡೆ ತಿರುಗಿದಳು.

"ಅವ್ವ, ಅದು ಅವರು ಬರ್ಸಿದ್ದು. ಆ ಮುದುಕ ನನ್ನ ಹೆದರ್ಸಿ..."

"ಅಕ್ಸರ ನಿಂದಲ್ವಾ?" ಅಂದಳು ಅವ್ವ. "ನನ್ ಸ್ಲೇಟ್ನಾಗೂ 'ಪ' ಇಂಗೇ ಬರ್ದಿದ್ದೆ."

ಒಳಗೆ ಅಧ್ಯಕ್ಷರು ಅಗಲಿದ ಚೇತನಕ್ಕೆ ಒಂದು ನಿಮಿಷ ಮೌನ ಅಂದರು. ಎಲ್ಲರೂ ಎದ್ದು ನಿಂತರು. ನಾವಿಬ್ಬರೂ ನಿಂತೇ ಇದ್ದೆವು. ಆ ನಿಮಿಷ ಮುಗಿದ ಮೇಲೆ ಸೊಂಟದಿಂದ ಬೀಗದ ಕೈ ತೆಗೆದೆ, ಸಭೆಗೆ ಬಂದಿದ್ದ ಸಿದ್ದಪ್ಪನವರ ಎದುರಿಗೇ ಪೆಟ್ಟಿಗೆ ತೆಗೆದು ಡ್ರಾಯರಿನಲ್ಲಿದ್ದ ಚೀಟಿ ಇಟ್ಟೆ. ಎರಡನೇ ಕೋಣೆಗೆ ಸೂರು ಬರಲಿಲ್ಲ. ನನ್ನ ಕೆಲಸ ಹೇಗೋ ಉಳಿಯಿತು.

ಅವ್ವ ಹೊಸ ಚೀಟಿಯನ್ನೂ ಕೂಡಿಸಿ ಕೂಡಿಸಿ ಓದಿದಳು. ಮೂರು ಗಂಟೆಯ ಬಸ್ಸಿಗೆ ಹೋದಳು.

ಆಮೇಲೂ ಅವ್ವ ಬಹಳ ವರ್ಷ ಇದ್ದಳು, ನನ್ನ ಜೊತೆಯಲ್ಲೇ ಇದ್ದಳು. ಬೈಯಲಿಲ್ಲ, ಆ ವಿಷಯ ಎತ್ತಲಿಲ್ಲ. ಕಾಗದ ಬರಲಿ, ಮಾತ್ರೆ ಚೀಟಿ ಬರಲಿ, ಮದುವೆಯ ಕರೆಯೋಲೆ ಬರಲಿ, ನಾನು ಓದಿ ಹೇಳಲು ಬಾಯಿ ತೆರೆದರೆ ಕೈ ನೀಡುತ್ತಿದ್ದಳು.

"ಕೊಡಿಲ್ಲಿ, ನಾನೇ ಓದ್ಕತೀನಿ."