ಅಟ್ಟದ ಮೇಲಿನ ಹರಳು

ಹೋದ ವಾರ ಚಟ್ನಿಪುಡಿ ಮಾಡೋಣವೆಂದು ಅಂಗಡಿಯಿಂದ ತಂದ ಉಂಡೆ ಕೊಬ್ಬರಿಯನ್ನು ಎರಡು ಹೋಳು ಮಾಡಿದೆ. ಒಳಗೆಲ್ಲ ಹಳದಿ, ಅಂಚಿನಲ್ಲಿ ಕಪ್ಪು. ಕೌಟು ವಾಸನೆ ಮೂಗಿಗೆ ಹೊಡೆಯಿತು. ಬೇರೆ ಯಾರಾದರೂ ಆಗಿದ್ದರೆ ಅಂಗಡಿಯವನಿಗೆ ಎರಡು ಮಾತು ಬೈದು, ಅದನ್ನು ಕಸದ ಬುಟ್ಟಿಗೆ ಹಾಕಿ ಸುಮ್ಮನಾಗುತ್ತಿದ್ದರು. ನಾನು ಹೋಳುಗಳನ್ನು ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತೇಬಿಟ್ಟೆ. ಕೆಟ್ಟ ಕೊಬ್ಬರಿಯ ವಾಸನೆ ಬಂದರೆ ನನಗೆ ಯಾರನ್ನೂ ಬೈಯಲು ಬಾಯಿ ಬರುವುದಿಲ್ಲ. ಶೆಟ್ಟಿಕೆರೆಯ ಮನೆ ಯಜಮಾನರ ನೆನಪಾಗುತ್ತದೆ.

ತಿಪಟೂರಿನ ಕಾಲೇಜಿಗೆ ಭೌತಶಾಸ್ತ್ರ ಪಾಠ ಹೇಳಲು ಸೇರಿದ ಹೊಸತು. ಒಂಟಿ ಹೆಂಗಸೆಂದರೆ ಪೇಟೆಯಲ್ಲಿ ಮನೆ ಕೊಡುವವರು ಹತ್ತು ಪ್ರಶ್ನೆ ಕೇಳುತ್ತಿದ್ದರು. ಯಾರೋ ಹೇಳಿದರೆಂದು ಶೆಟ್ಟಿಕೆರೆಗೆ ಹೋಗಿ ನೋಡಿದೆ. ದೊಡ್ಡ ಹೆಂಚಿನ ಮನೆ, ಹಿಂದೆ ತೋಟ, ಮುಂದಿನ ಎರಡು ಕೋಣೆ ಬಾಡಿಗೆಗೆ. ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ, ಬೆಳಗಿನ ಬಸ್ಸಿಗೆ ಏಳಲು ಆಗುತ್ತದೆಯೇ ಎಂದು. ಹೆಂಡತಿ ತೀರಿಕೊಂಡಿದ್ದರು. ಮಗ ತೋಟ ನೋಡಿಕೊಳ್ಳುತ್ತಿದ್ದ. ಸೊಸೆ ಆಗಷ್ಟೇ ಮನೆ ತುಂಬಿದ್ದಳು. ಹಣೆ ತುಂಬ ವಿಭೂತಿ ಇಟ್ಟುಕೊಂಡು ಜಗಲಿಯ ಮೇಲೆ ಕೂತಿರುತ್ತಿದ್ದ ಅವರು ಮೊದಲ ದಿನದಿಂದಲೇ ನನ್ನನ್ನು ಮೇಷ್ಟ್ರಮ್ಮ ಎಂದು ಕರೆದರು. ನನ್ನ ನಿಜವಾದ ಹೆಸರು ಅವರಿಗೆ ಕೊನೆವರೆಗೂ ಗೊತ್ತಿತ್ತೋ ಇಲ್ಲವೋ...

ಪಾಠದ ಜೊತೆಗೆ ನಾನು ಪಿಎಚ್‌.ಡಿ. ಹಚ್ಚಿಕೊಂಡಿದ್ದೆ. ಕಾಗದದ ಮೇಲೆ ಅದರ ಹೆಸರು ಭಾರೀ ಉದ್ದ, ಅಡ್ವಾನ್ಸ್ಡ್ ಮೆಟೀರಿಯಲ್ಸ್ ಎಂದೆಲ್ಲ ಇತ್ತು. ಮಾಡಬೇಕಾದ ಕೆಲಸ ಮಾತ್ರ ಸರಳ. ಗಾಜಿನ ಟ್ಯೂಬಿನಲ್ಲಿ ಹರಳು ಬೆಳೆಸಬೇಕು. ಬೆಳೆದ ಹರಳು ಎಷ್ಟು ಗಟ್ಟಿ, ಕಾಯಿಸಿದರೆ ಅದರ ವಿದ್ಯುತ್ ಗುಣ ಹೇಗೆ ಬದಲಾಗುತ್ತದೆ ಎಂದು ಅಳೆಯಬೇಕು. ಏನಮ್ಮಾ ಅದು ಎಂದು ಯಜಮಾನರು ಕೇಳಿದಾಗ, ಹುಣಸೆಹಣ್ಣಿನಲ್ಲಿರುವ ಹುಳಿಯನ್ನು ಹಾಲುಬಾಯಿಯ ಹಾಗೆ ಹೆಪ್ಪುಗಟ್ಟುವ ಒಂದು ಪಾಕದಲ್ಲಿ ಸೇರಿಸುತ್ತೇನೆ, ಮೇಲಿನಿಂದ ಸುಣ್ಣದ ಅಂಶವಿರುವ ನೀರು ಬಿಡುತ್ತೇನೆ, ಅದು ನಿಧಾನವಾಗಿ ಇಳಿದು ಹುಳಿಯನ್ನು ಮುಟ್ಟಿದ ಕಡೆ ಹರಳು ಕಟ್ಟುತ್ತದೆ ಎಂದು ಹೇಳಿದ್ದೆ. ಅವರಿಗೆ ಒಂದೇ ಸಲಕ್ಕೆ ಅರ್ಥವಾಯಿತು. ನನ್ನ ಸಹೋದ್ಯೋಗಿಗಳಿಗೆ ಆಗಿರಲಿಲ್ಲ.

ಹರಳಿಗೆ ಬೇಕಾದದ್ದು ನಿಶ್ಚಲತೆ. ಅಲುಗಾಡಿದರೆ ಒಂದು ದೊಡ್ಡ ಹರಳಿನ ಬದಲು ನೂರು ಪುಡಿ ಹರಳು ಹುಟ್ಟುತ್ತವೆ. ನಮ್ಮ ಲ್ಯಾಬಿನ ಪಕ್ಕ ಹಗಲೆಲ್ಲ ಲಾರಿ ಓಡಾಡುತ್ತಿದ್ದವು, ರೈಲು ಹೋದರೆ ಕಿಟಕಿಯ ಗಾಜು ನಡುಗುತ್ತಿತ್ತು. ಎರಡು ವರ್ಷದಲ್ಲಿ ನಾನು ಬೆಳೆಸಿದ್ದೆಲ್ಲ ಸಕ್ಕರೆ ಪುಡಿಯಂಥದ್ದೇ. ಒಂದು ಸಂಜೆ ಈ ಗೋಳನ್ನು ಯಜಮಾನರ ಮುಂದೆ ತೋಡಿಕೊಂಡೆ. ಅವರು ಹೇಳಿದರು:

"ನಮ್ಮ ಅಟ್ಟದ ಮ್ಯಾಲೆ ಮಡಗಿ ಮೇಷ್ಟ್ರಮ್ಮ. ಕಾಯಿ ವರ್ಸ ಪೂರ್ತಿ ಅಲ್ಲಾಡ್ದೆ ಕೂತಿರ್ತವೆ. ನಿಮ್ ಕೂಸುಗೂ ಒಂದ್ ಮೂಲೆ ಕೊಟ್ರಾಯ್ತು."

ಆ ಸೀಮೆಯ ಮನೆಗಳಲ್ಲಿ ಅಟ್ಟವೆಂದರೆ ಅರ್ಧ ದೇವರ ಮನೆ ಇದ್ದ ಹಾಗೆ. ಸುಲಿಯದ ಕಾಯನ್ನು ಅಟ್ಟಕ್ಕೆ ಏರಿಸಿದರೆ ನೀರು ಇಂಗಿ, ಒಳಗಿನ ತಿರುಳು ಒಣಗಿ ಉಂಡೆಯಾಗಿ, ಅಲ್ಲಾಡಿಸಿದರೆ ಗಡಗಡ ಅನ್ನುವವರೆಗೆ ಹತ್ತಿರ ಹತ್ತಿರ ಒಂದು ವರ್ಷ. ಹಾಗೆಂದು ಮರೆತು ಕೂರುವಂತಿಲ್ಲ. ಆಗಾಗ ಹತ್ತಿ, ಸೋರಿದ ಕಾಯಿ ಆಯ್ದು ತೆಗೆಯಬೇಕು, ಕೋತಿ ಹೆಂಚು ಸರಿಸಿದೆಯೇ ಎಂದು ನೋಡಬೇಕು. ಒಂದು ಕೆಟ್ಟರೆ ಅದರ ರಸ ಇಳಿದು ಕೆಳಗಿನ ಹತ್ತು ಕೆಡುತ್ತವೆ. ಯಜಮಾನರು ಇದರಲ್ಲಿ ಎಷ್ಟು ಕಟ್ಟುನಿಟ್ಟೆಂದರೆ, ತಿಪಟೂರಿನ ವರ್ತಕರು ಯಾರ ಚೀಲ ಬಂದರೂ ನಾಲ್ಕು ಉಂಡೆ ಒಡೆದು ನೋಡುತ್ತಿದ್ದವರು ಇವರ ಚೀಲವನ್ನು ಮಾತ್ರ ಒಡೆಯದೇ ತೆಗೆದುಕೊಳ್ಳುತ್ತಿದ್ದರಂತೆ. ಅವರು ಬಾಯಿಬಿಟ್ಟು ಜಂಬ ಪಟ್ಟಿದ್ದನ್ನು ನಾನು ಕೇಳಿದ್ದು ಇದೊಂದೇ ವಿಷಯದಲ್ಲಿ.

ಹನ್ನೆರಡು ಟ್ಯೂಬುಗಳನ್ನು ಒಂದು ಮರದ ಪೆಟ್ಟಿಗೆಯಲ್ಲಿ ನಿಲ್ಲಿಸಿದೆವು. ಸುತ್ತ ನಾರಿನ ಪುಡಿ ತುಂಬಿದರೆ ಅದುರು ತಾಕುವುದಿಲ್ಲ ಎಂದು ಹೇಳಿಕೊಟ್ಟವರು ಅವರೇ. ನಾನು ಹೇಳುವವರೆಗೆ ಯಾರೂ ಹತ್ತಬಾರದು ಎಂದು ಪಾಠ ಹೇಳುವ ದನಿಯಲ್ಲೇ ಹೇಳಿದೆ. ಅವರು ಏಣಿಯನ್ನೇ ತೆಗೆದು ದನದ ಕೊಟ್ಟಿಗೆಯ ಗೋಡೆಗೆ ಮಲಗಿಸಿದರು.

ಆರು ವಾರಕ್ಕೆ ಏಣಿ ಇಟ್ಟು ಹತ್ತಿ ನೋಡಿದರೆ ಎಂಟು ಟ್ಯೂಬುಗಳಲ್ಲಿ ಹರಳು ಕಟ್ಟಿತ್ತು. ಕಡಲೆಬೇಳೆಯಷ್ಟು ದಪ್ಪ, ಸ್ವಲ್ಪ ಮಸುಕು, ಆದರೂ ಹರಳು. ಉಳಿದ ನಾಲ್ಕರಲ್ಲಿ ಏನೂ ಕಾಣಲಿಲ್ಲ. ಎಂಟನ್ನು ತೆಗೆದುಕೊಂಡು, ರಜೆ ಹಾಕಿ, ಅಳತೆಯ ಯಂತ್ರಗಳಿದ್ದ ದೂರದ ವಿಶ್ವವಿದ್ಯಾಲಯಕ್ಕೆ ಹೊರಟೆ. ಬಸ್ಸಿಗೆ ಚೀಲ ಏರಿಸಲು ಬಂದಿದ್ದ ಯಜಮಾನರಿಗೆ, ಮೇಲೆ ಇನ್ನೂ ನಾಲ್ಕಿವೆ, ನೋಡಿಕೊಳ್ಳಿ ಎಂದೆ. ಸುಮ್ಮನೆ ಬಾಯಿಗೆ ಬಂದ ಮಾತು. ಬೆಕ್ಕಿಗೆ ಹಾಲು ಹಾಕಿ ಅನ್ನುವ ಹಾಗೆ ಅಂದದ್ದು. ಆ ನಾಲ್ಕು ಟ್ಯೂಬುಗಳನ್ನು ನಾನು ಆಗಲೇ ಲೆಕ್ಕದಿಂದ ಬಿಟ್ಟಿದ್ದೆ.

ಎರಡೂವರೆ ತಿಂಗಳು ಅಲ್ಲಿದ್ದೆ. ಅಳತೆ ಒಂದೂ ಸರಿಬರಲಿಲ್ಲ. ಮಸುಕು ಹರಳಿನೊಳಗೆ ಕಾಣದ ಬಿರುಕು ತುಂಬಿದ್ದವು. ಒಂದು ಮಧ್ಯಾಹ್ನ ಕೊನೆಯ ಒಳ್ಳೆಯ ಹರಳನ್ನು ಕುಲುಮೆಯಲ್ಲಿಟ್ಟು, ಒಂದೊಂದು ಡಿಗ್ರಿ ಏರಿದಂತೆ ಬರೆದುಕೊಳ್ಳುತ್ತ ಕಣ್ಣು ಕೀಳದೆ ಕೂತಿದ್ದೆ. ಫೋನ್ ಬಂತು. ಯಜಮಾನರದು. ಅವರಾಗಿಯೇ ಫೋನ್ ಮಾಡಿದ್ದು ಅದೊಂದೇ ಸಲ.

"ಮೇಷ್ಟ್ರಮ್ಮ, ಒಂದ್ ಮಾತು ಕೇಳ್ಬೇಕಾಗಿತ್ತು..."

"ಆಮೇಲೆ ನಾನೇ ಮಾಡ್ತೀನಿ ಯಜಮಾನ್ರೇ" ಎಂದು ಇಟ್ಟೆ.

ಮಾಡಲಿಲ್ಲ. ಮರೆತೆ ಎಂದರೆ ಅರ್ಧ ಸತ್ಯ. ರಾತ್ರಿ ಊಟದ ಹೊತ್ತಿಗೆ ನೆನಪಾಗಿತ್ತು, ಬಾಡಿಗೆ ಕೋಣೆಯ ನಲ್ಲಿಯ ವಿಷಯವೋ ಏನೋ ಇರಬೇಕು, ನಾಳೆ ಮಾಡಿದರಾಯಿತು ಎಂದುಕೊಂಡೆ.

ಊರಿಗೆ ಮರಳಿದಾಗ ಬಾಗಿಲಲ್ಲೇ ಏನೋ ವಾಸನೆ. ಯಜಮಾನರು ಏಣಿ ತಂದು ಇಟ್ಟು, ಮೊದಲು ನೀವು ಹತ್ತಿ ಎಂದು ಪಕ್ಕಕ್ಕೆ ಸರಿದರು. ಅಟ್ಟದ ಮೇಲೆ ವಾಸನೆಗೆ ಉಸಿರು ಕಟ್ಟುತ್ತಿತ್ತು. ಕಾಲಿಗೆ ಅಂಟು. ನನಗೆ ಅದೇನೂ ಬೇಕಿರಲಿಲ್ಲ, ನೇರವಾಗಿ ನನ್ನ ಮೂಲೆಗೆ ಹೋದೆ. ಪೆಟ್ಟಿಗೆಯ ಸುತ್ತ ಒಣಗಿತ್ತು. ಎರಡು ಟ್ಯೂಬುಗಳಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಹರಳು! ನೀರಿನಷ್ಟು ತಿಳಿ. ಏನೂ ಇಲ್ಲವೆಂದು ನಾನು ಬಿಟ್ಟುಹೋದವೇ, ಅಲುಗಾಡದೆ ಇದ್ದು ಇದ್ದು ಹಾಗೆ ಬೆಳೆದಿದ್ದವು. ಪಾಕ ಸೀಳಿಹೋಗಿದ್ದ ಉಳಿದೆರಡನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಖುಷಿಗೆ ಏಣಿಯ ಕೊನೆಯ ಎರಡು ಮೆಟ್ಟಿಲು ಹಾರಿಯೇ ಇಳಿದೆ.

ಯಜಮಾನರು ತೊಳೆದ ಹರಳನ್ನು ಅಂಗೈಯಲ್ಲಿಟ್ಟು, ಅಂಗಳದ ಬಿಸಿಲಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಕಲ್ಲುಸಕ್ಕರೆ ಸೋಲಬೇಕು ಎಂದರು. ಆಮೇಲೆ, ಅವರ ಸ್ವಭಾವಕ್ಕೆ ಹೊರತಾಗಿ, ಒಂದನ್ನು ಕೇಳಿದರು. ದೇವರ ಗೂಡಿನಲ್ಲಿ ಇಟ್ಟುಕೊಳ್ಳುತ್ತೇನೆ ಎಂದರು. ಅಳತೆ ಮುಗಿಯಲಿ, ತಂದುಕೊಡುತ್ತೇನೆ, ಅಳತೆಗೆ ಕತ್ತರಿಸಬೇಕಾಗುತ್ತದೆ, ವಜ್ರದ ಮೊನೆಯಿಂದ ಒತ್ತಿ ಎಲ್ಲಿ ಬಿರಿಯುತ್ತದೆ ಎಂದು ನೋಡಬೇಕಾಗುತ್ತದೆ ಎಂದೆ.

"ಒಡೀದೆ ಗೊತ್ತಾಗಲ್ವಾ ಮೇಷ್ಟ್ರಮ್ಮ?"

ಗೊತ್ತಾಗುವುದಿಲ್ಲ ಯಜಮಾನರೇ ಎಂದು ನಗುತ್ತಲೇ ಹೇಳಿದೆ. ಅವರು ಹರಳನ್ನು ನನ್ನ ಕೈಗೆ ಹಾಕಿ ಒಳಗೆ ಹೋದರು.

ಎರಡು ದಿನ ಕಳೆದ ಮೇಲೆ ಕಾಯಿ ಇಳಿಸಿ ಸುಲಿದರು. ಅಂಗಳದಲ್ಲಿ ಒಳ್ಳೆಯ ಕೊಬ್ಬರಿಯ ಗುಡ್ಡೆ ಸಣ್ಣದು, ಕೌಟು ಗುಡ್ಡೆ ಆಳೆತ್ತರ. ಪಕ್ಕದಲ್ಲಿ ಕೂತು ಆಯುತ್ತಿದ್ದ ಸೊಸೆ, ಕೋಪವಿಲ್ಲದೆ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಉತ್ತರೆ ಮಳೆ ಹಿಡಿದಾಗ ಕೋತಿ ಹೆಂಚು ಸರಿಸಿತ್ತು. ಕೆಳಗಿನಿಂದ ದೋಟಿಯಲ್ಲಿ ಹೆಂಚನ್ನು ಹೇಗೋ ಜೋಡಿಸಿದ್ದರು, ಅಷ್ಟರಲ್ಲಿ ನೀರು ಇಳಿದಾಗಿತ್ತು. ಹತ್ತಿ ಕೆಟ್ಟದ್ದನ್ನು ಆಯ್ದಿದ್ದರೆ ಮುಕ್ಕಾಲು ಪಾಲು ಉಳಿಯುತ್ತಿತ್ತು. ಮಗ ಹತ್ತುತ್ತೇನೆಂದು ಎರಡು ಸಲ ಏಣಿ ತಂದನಂತೆ, ಎರಡು ಸಲವೂ ಯಜಮಾನರು ವಾಪಸ್ಸು ಇಡಿಸಿದರಂತೆ.

"ಹತ್ಬೋದಾ ಅಂತ ಕೇಳಕ್ಕೇ ನಿಮ್ಗೆ ಫೋನ್ ಮಾಡಿದ್ರಕ್ಕ. ನೀವು ಆಮೇಲೆ ಮಾಡ್ತೀನಿ ಅಂದ್ರಂತೆ. ಕಾಯ್ಕೊಂಡ್ ಕೂತಿದ್ರು."

ಆ ಸಲ ತಿಪಟೂರಿನಲ್ಲಿ ವರ್ತಕ ಇವರ ಚೀಲ ಬಿಚ್ಚಿಸಿ, ನಾಲ್ಕು ಜನರ ಎದುರಿಗೆ ಉಂಡೆಗಳನ್ನು ಒಡೆದು ನೋಡಿದ. ಅಲ್ಲಿಂದ ಮುಂದೆ ಪ್ರತಿ ಸಲವೂ ಒಡೆದು ನೋಡುತ್ತಿದ್ದರಂತೆ. ಯಜಮಾನರು ಯಾರು ಕೇಳಿದರೂ ಕೋತಿಯ ಹೆಸರು ಹೇಳಿದರೇ ಹೊರತು ನನ್ನ ಹೆಸರು ಎತ್ತಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೇ ಇದ್ದುದರಿಂದ ಹೋದದ್ದಕ್ಕೆ ಗಾದೆ ಇದೆಯೋ ಇಲ್ಲವೋ ಕಾಣೆ. ತಪ್ಪಾಯಿತು ಯಜಮಾನರೇ ಎನ್ನಲು ಜಗಲಿ ಹತ್ತೇ ಹೆಜ್ಜೆ ದೂರವಿತ್ತು. ಬರಿಗೈಯಲ್ಲಿ ಹೇಗೆ ಹೇಳುವುದು, ಕೇಳಿದ ಹರಳನ್ನು ಕೈಗಿಟ್ಟೇ ಹೇಳೋಣ ಎಂದುಕೊಂಡೆ. ಎಂಥ ಪೆದ್ದು ಲೆಕ್ಕಾಚಾರ! ಒಂದು ಹರಳು ವಿದ್ಯುತ್ ಗುಣದ ಅಳತೆಗೆ ಬಿಲ್ಲೆಬಿಲ್ಲೆಯಾಗಿ ಹೋಯಿತು. ಇನ್ನೊಂದು ಗಟ್ಟಿತನದ ಪರೀಕ್ಷೆಯಲ್ಲಿ ಬಿರಿಯಿತು, ಬಿರಿದ ಚೂರನ್ನೂ ಎಕ್ಸ್‌ರೇಗೆಂದು ಅರೆದು ಪುಡಿ ಮಾಡಿದೆ. ಫಲಿತಾಂಶ ಚೆನ್ನಾಗಿ ಬಂತು. ಲೇಖನ ಅಚ್ಚಾಯಿತು, ಡಾಕ್ಟರ್ ಎನಿಸಿಕೊಂಡೆ. ಪ್ರಬಂಧದ ಮೊದಲ ಪುಟದಲ್ಲಿ ಯಂತ್ರಕ್ಕೆ ಎಣ್ಣೆ ಬಿಟ್ಟವರನ್ನೂ ನೆನೆದಿದ್ದೇನೆ. ಹರಳು ಬೆಳೆದ ಜಾಗದ ಬಗ್ಗೆ, ಅಲುಗಾಟವಿಲ್ಲದ ಕತ್ತಲ ಕೋಣೆ ಎಂದಷ್ಟೇ ಬರೆದಿದ್ದೇನೆ.

ಆಮೇಲೆ ತುಮಕೂರಿಗೆ ಬಂದೆ. ಯಜಮಾನರಿಗೆಂದು ಹರಳು ಬೆಳೆಸಲು ಎಷ್ಟೋ ಸಲ ಕೂತೆ. ಮಸುಕಾದದ್ದು ಬಂತು, ಬಿರುಕಿನದು ಬಂತು. ಇದಲ್ಲ, ಇನ್ನೂ ಚೆನ್ನಾಗಿರುವುದು ಬರಲಿ ಎಂದು ಮುಂದೂಡುತ್ತ ಹೋದೆ. ಅವರು ಹೋದ ಸುದ್ದಿ ಬಂದಾಗ ತಿಂಗಳು ಕಳೆದಿತ್ತು. ಈಗ ಹೋಗಿ ಏನು ಮಾಡುವುದು ಎಂದು ಅದಕ್ಕೂ ಒಂದು ನೆಪ ಸಿಕ್ಕಿತು...

ಕೊಬ್ಬರಿ ಒಡೆದ ಆ ವಾರದ ಭಾನುವಾರ ತಡೆಯಲಾಗದೆ ಬಸ್ಸು ಹತ್ತಿದೆ. ಸೊಸೆಯ ಕೂದಲು ಅಲ್ಲಲ್ಲಿ ನೆರೆತಿತ್ತು, ನನ್ನದೂ. ಕಾಫಿ ಕೊಟ್ಟು, ಅದೂ ಇದೂ ಮಾತಾಡಿ, ಕೊನೆಗೆ ಅವಳೇ ಅಟ್ಟದ ಕಡೆ ಕೈ ತೋರಿಸಿದಳು.

"ನಿಮ್ ಪೆಟ್ಟಿಗೆ ಅಂಗೇ ಐತೆ ಅಕ್ಕ. ಎಲ್ಡು ಟ್ಯೂಬು ಬುಟ್ಟೋಗಿದ್ರಲ್ಲ. ಕಾಯಿ ಆಯಕ್ಕೆ ಹತ್ತಿದ್ರೂ ಆ ಮೂಲೆ ಮುಟ್ಟುಸ್ತಿರ್ಲಿಲ್ಲ ಮಾವನೋರು. ಮೇಷ್ಟ್ರಮ್ಮ ಬಂದು ಹೇಳ್ಬೇಕು ಅನ್ನೋರು."

ನಾನು ಆ ಪೆಟ್ಟಿಗೆ ಇಟ್ಟು ಹದಿನಾಲ್ಕು ವರ್ಷ.

ಮೊಣಕಾಲು ನೋಯುತ್ತಿದ್ದರೂ ಹತ್ತಿದೆ. ಕಾಯಿಯ ರಾಶಿ ಆ ಮೂಲೆಯಿಂದ ಒಂದು ಮಾರು ದೂರಕ್ಕೆ ನಿಂತಿತ್ತು. ನಾರಿನ ಪುಡಿ ಹಾಗೇ ಇತ್ತು. ಟ್ಯೂಬುಗಳನ್ನು ಎತ್ತಿ ಹೆಂಚಿನ ಸಂದಿಯ ಬೆಳಕಿಗೆ ಹಿಡಿದೆ. ಪಾಕ ಎಂದೋ ಒಣಗಿ ಬಿಳಿಯ ಪುಡಿಯಾಗಿ ತಳಕ್ಕೆ ಹತ್ತಿತ್ತು. ಹರಳು ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ, ಅವೆರಡರಲ್ಲಿ ಏನೂ ಬೆಳೆಯುವುದಿಲ್ಲವೆಂದು ನನಗೆ ಅಂದೇ ಗೊತ್ತಿತ್ತು. ಯಜಮಾನರಿಗೆ ನಾನದನ್ನು ಹೇಳಿರಲಿಲ್ಲ, ಅಷ್ಟೇ.

ಕೆಳಗೆ ಏಣಿ ಹಿಡಿದು ನಿಂತಿದ್ದ ಸೊಸೆ ಮುಖ ಎತ್ತಿ, ಏನಾದರೂ ಆಗಿದೆಯಾ ಎಂದು ಕೇಳಿದಳು.

"ಇಲ್ಲ" ಎಂದೆ. "ಇನ್ನು ಈ ಮೂಲೆಗೂ ಕಾಯಿ ಹಾಕ್ಬಹುದು."

ಅವಳು ಸರಿ ಅಕ್ಕ ಎಂದು, ಮಗನನ್ನು ಕೂಗಿ ಪೊರಕೆ ತರಲು ಹೇಳಿದಳು.