ಅವ್ವ ಕೊಟ್ಟ ನನ್ನ ಕೂದಲು

ಸಂಗೀತದಿಂದ ಫ್ಯಾಷನ್‌ಗೆ ಹೇಗೆ ಬಂದಿರಿ ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೇಳುವವರ ತಪ್ಪೇನಿಲ್ಲ. ಅಂಗಡಿಯ ಗಾಜಿನ ಬಾಗಿಲು, ಬೊಂಬೆಗೆ ತೊಡಿಸಿದ ಮಿರುಗುವ ಜಾಕೆಟ್ಟು, ಗೋಡೆಗೆ ನೇತುಹಾಕಿದ ಗಿಟಾರು, ಇಷ್ಟನ್ನು ನೋಡಿ ಅವರು ಕೇಳುತ್ತಾರೆ. ಕುಣಿಗಲ್ಲಿನ ದರ್ಜಿಯ ಮಗ ರಾಕ್ ಬ್ಯಾಂಡಿನಲ್ಲಿ ಗಿಟಾರ್ ಬಾರಿಸಿದ, ಆಮೇಲೆ ಬ್ಯಾಂಡಿನವರಿಗೆಲ್ಲ ಬಟ್ಟೆ ಹೊಲಿದು ಹೆಸರು ಮಾಡಿದ ಎಂದರೆ ಕೇಳುವುದಕ್ಕೆ ಚೆನ್ನಾಗಿರುತ್ತದೆ. ಪತ್ರಿಕೆಯವರೊಬ್ಬರು ಹಾಗೇ ಬರೆದರು ಕೂಡ. ನಾನು ಖುಷಿಯಿಂದ ಗಿಟಾರ್ ಬಿಟ್ಟೆನಂತೆ. ಖುಷಿಯೂ ಇರಲಿಲ್ಲ, ಬಿಟ್ಟವನು ನಾನೂ ಅಲ್ಲ.

ಅಪ್ಪನ ಅಂಗಡಿ ಕುಣಿಗಲ್ ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿತ್ತು. ಊರವರ ಪಟಾಪಟಿ ಚಡ್ಡಿ, ಅಂಗಿಗಳ ಜೊತೆಗೆ ಕುದುರೆ ಫಾರಂನವರ ಬಟ್ಟೆಯೂ ಅಪ್ಪನ ಬಳಿಗೇ ಬರುತ್ತಿತ್ತು. ಕುದುರೆ ಸವಾರಿ ಮಾಡುವವರ ಪ್ಯಾಂಟು ಮಂಡಿಯ ಒಳಮಗ್ಗುಲಲ್ಲಿ ಬೇಗ ಸವೆಯುತ್ತದೆ, ಅಲ್ಲಿ ಎರಡು ಪದರ ಬಟ್ಟೆ ಕೊಡಬೇಕು. ಬಟ್ಟೆ ಎಲ್ಲಿ ಸವೆಯುತ್ತದೆ ಅಂತ ಮೊದಲು ನೋಡು, ಆಮೇಲೆ ಕತ್ತರಿ ಹಿಡಿ ಎಂದು ಅಪ್ಪ ಹೇಳುತ್ತಿದ್ದ. ಅದು ಬಿಟ್ಟರೆ ಅಪ್ಪ ಬಾಯಿ ಬಿಡುತ್ತಿದ್ದುದೇ ಕಡಿಮೆ. ಮನೆಯ ಮಾತನ್ನೆಲ್ಲ ಅವ್ವನೇ ಆಡುತ್ತಿದ್ದಳು, ಅಪ್ಪನ ಪಾಲಿನದನ್ನೂ ಸೇರಿಸಿ.

ಎಪ್ಪತ್ತರ ದಶಕ ಶುರುವಾದ ಹೊತ್ತಿನಲ್ಲಿ ಫಾರಂನಲ್ಲಿ ಕುದುರೆ ಪಳಗಿಸುವ ಆಂಗ್ಲೋ ಇಂಡಿಯನ್ ಒಬ್ಬನಿದ್ದ. ಹೊಲಿದ ಪ್ಯಾಂಟು ಕೊಡಲು ಹೋದಾಗ ಅವನ ಮನೆಯ ರೆಕಾರ್ಡ್ ಪ್ಲೇಯರಿನಲ್ಲಿ ನಾನು ಮೊದಲ ಸಲ ರಾಕ್ ಕೇಳಿದೆ. ಒಂದು ಅಕ್ಷರವೂ ಅರ್ಥವಾಗಲಿಲ್ಲ. ಆದರೆ ಅಷ್ಟು ಜೋರಾಗಿ ಸಿಟ್ಟು ಮಾಡಿಕೊಂಡರೂ ಯಾರೂ ಬಂದು ಕಪಾಳಕ್ಕೆ ಹೊಡೆಯದ ಒಂದು ಜಾಗ ಲೋಕದಲ್ಲಿದೆ ಎಂದು ಗೊತ್ತಾಯಿತು. ಅದಾದ ಮೇಲೆ ಫಾರಂಗೆ ಬಟ್ಟೆ ಕೊಡುವ ಕೆಲಸ ನನ್ನದೇ ಆಯಿತು. ಅವನು ನನ್ನ ಬೆರಳು ಹಿಡಿದು ತಂತಿಯ ಮೇಲೆ ಕೂರಿಸಿದ. ಬೆರಳ ತುದಿ ಬೊಬ್ಬೆ ಬಂದು, ಒಡೆದು, ಜಡ್ಡುಗಟ್ಟಿತು. ಸೂಜಿ ಚುಚ್ಚಿಸಿಕೊಂಡ ಬೆರಳೇ ಆದ್ದರಿಂದ ಮನೆಯಲ್ಲಿ ಯಾರೂ ಕೇಳಲಿಲ್ಲ. ಅವನು ಊರು ಬಿಟ್ಟು ಹೋಗುವಾಗ ಗಿಟಾರನ್ನು ನನ್ನ ಕೈಗೆ ಕೊಟ್ಟು ಹೋದ.

ಕಾಲೇಜಿಗೆಂದು ತುಮಕೂರಿಗೆ ಬಂದಾಗ ನನ್ನಂಥ ಇನ್ನೂ ಮೂವರು ಸಿಕ್ಕಿದರು. ಡ್ರಮ್ಸ್ ಬಾರಿಸುವವನ ತಂದೆಗೆ ಕೊಬ್ಬರಿ ಮಂಡಿಯಿತ್ತು. ಮಂಡಿಯ ಮಹಡಿ ನಮ್ಮ ಪ್ರಾಕ್ಟೀಸಿನ ಜಾಗ. ಕೆಳಗೆ ಕೊಬ್ಬರಿ ಹರಾಜು ಕೂಗುತ್ತಿದ್ದರೆ ಮೇಲೆ ನಾವು ಇಂಗ್ಲಿಷಿನಲ್ಲಿ ಕೂಗುತ್ತಿದ್ದೆವು. ಕಾಲೇಜ್ ಡೇಗಳಲ್ಲಿ, ಮದುವೆಗಳಲ್ಲಿ ಕರೆಯುತ್ತಿದ್ದರು. ಜನ ಕೇಳುವುದು ಸಿನಿಮಾ ಹಾಡು, ಅದನ್ನೇ ಹಾಡಿ ಹಾಡಿ ನಡುವೆ ಒಂದು ನಮ್ಮದನ್ನು ಸೇರಿಸಿಬಿಡುತ್ತಿದ್ದೆವು. ನಾನು ಪರದೆ ಬಟ್ಟೆಯಲ್ಲಿ ಬೆಲ್ ಬಾಟಮ್ ಹೊಲಿದುಕೊಂಡೆ. ಬೀದಿ ಗುಡಿಸುವವರಿಗೆ ಇನ್ನು ರಜಾ ಕೊಡಬಹುದು ಎಂದು ಕುಣಿಗಲ್ಲಿನವರು ಆಡಿಕೊಂಡರು. ಕೂದಲು ಹೆಗಲು ದಾಟಿತು. ನಿಜ ಹೇಳಬೇಕೆಂದರೆ ಕೂದಲು ಚೆನ್ನಾಗಿತ್ತು. ಅವ್ವನದೇ ಕೂದಲು, ದಟ್ಟವಾಗಿ, ಅಲೆಅಲೆಯಾಗಿ. ಸ್ಟೇಜಿನ ಮೇಲೆ ತಲೆ ಕೊಡವಿದರೆ ಹಿಂದಿನ ಸಾಲಿನವರೂ ಕುರ್ಚಿಯಿಂದ ಎದ್ದು ನೋಡುತ್ತಿದ್ದರು. ನನಗಿಂತ ಚೆನ್ನಾಗಿ ಗಿಟಾರ್ ಬಾರಿಸುವವರು ಇದ್ದಾರೆಂದು ಗೊತ್ತಿತ್ತು, ಹಾಗೆ ಸ್ಟೇಜಿನ ಮೇಲೆ ನಿಲ್ಲುವವರು ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ.

ಗುಬ್ಬಿಯಲ್ಲಿ ಸೋದರಮಾವನ ಮಗಳ ಮದುವೆ ಬಂತು. ಆ ಹುಡುಗಿಯನ್ನು ನನಗೇ ಕೊಡುವುದೆಂದು ನಾವಿಬ್ಬರೂ ತೊಟ್ಟಿಲಲ್ಲಿದ್ದಾಗಿನಿಂದ ಮಾತಿತ್ತು. ನನ್ನ ಕೂದಲು ಬೆಳೆಯುವುದನ್ನು ನೋಡುತ್ತಾ ನೋಡುತ್ತಾ ಮಾವ ಬೇರೆ ಗಂಡು ಹುಡುಕಿದ. ನನಗೆ ಬೇಜಾರಾಗಲಿಲ್ಲ, ಹುಡುಗಿಗಂತೂ ನೆಮ್ಮದಿಯೇ ಆಗಿರಬೇಕು. ನೊಂದವಳು ಅವ್ವ. ತವರಿನ ಹೆಣ್ಣು ಕೈತಪ್ಪಿತು ಎಂಬುದು ಅವಳ ಹೊಟ್ಟೆಯೊಳಗೆ ಕೆಂಡದ ಹಾಗೆ ಕೂತಿತ್ತು. ಅದರ ಮೇಲೆ, ಕೊಬ್ಬರಿ ಮಂಡಿಯವರ ಜೊತೆ ವ್ಯಾಪಾರವಿದ್ದುದರಿಂದ ಮಾವ ಆರತಕ್ಷತೆಗೆ ನಮ್ಮ ಬ್ಯಾಂಡನ್ನೇ ಕರೆಸಿದ.

ನಾನು ಜನರಿಗೆ ಬೆನ್ನು ಹಾಕಿ ಕೂತು ತಂತಿ ಬಿಗಿಯುತ್ತಿದ್ದೆ. ಕಡಬದಿಂದ ಬಂದಿದ್ದ ಮುದುಕಿಯೊಬ್ಬಳು ತಟ್ಟೆಯಲ್ಲಿ ಹೂವು, ಅರಿಶಿನ ಕುಂಕುಮ ಹಿಡಿದು ಹೆಂಗಸರಿಗೆಲ್ಲ ಕೊಡುತ್ತಾ ಬಂದವಳು ನನ್ನ ಹೆಗಲು ಮುಟ್ಟಿ, ತಗೋ ತಾಯಿ ಎಂದು ಒಂದು ಮೊಳ ಮಲ್ಲಿಗೆ ಚಾಚಿದಳು. ನಾನು ತಿರುಗಿದೆ. ನನ್ನ ಮೀಸೆ ನೋಡಿ ಅವಳ ಕೈಯಲ್ಲಿದ್ದ ತಟ್ಟೆ ಅಲ್ಲಾಡಿ ಕುಂಕುಮ ಚೆಲ್ಲಿತು. ಛತ್ರಕ್ಕೆ ಛತ್ರವೇ ನಕ್ಕಿತು. ನನಗೆ ರೇಗಿತು. ರೇಗಿದಾಗ ನಾನು ಹೇಗಾಡುತ್ತೇನೋ ಹಾಗೇ ಆಡಿದೆ. ಮುದುಕಿಯ ಕೈಯಿಂದ ಹೂವು ತೆಗೆದುಕೊಂಡು ಕೂದಲಿಗೆ ಸಿಕ್ಕಿಸಿಕೊಂಡು ಎದ್ದು ನಿಂತು ಬಾರಿಸಿದೆ. ಹುಡುಗರು ಶಿಳ್ಳೆ ಹೊಡೆದರು. ಈಗಲೂ ಹೇಳುತ್ತೇನೆ, ಆವತ್ತಿನಷ್ಟು ಚೆನ್ನಾಗಿ ನಾನು ಇನ್ಯಾವತ್ತೂ ಬಾರಿಸಲಿಲ್ಲ. ಎರಡನೆಯ ಹಾಡು ಮುಗಿಯುವಷ್ಟರಲ್ಲಿ ಅವ್ವ ಕೂತಿದ್ದ ಚಾಪೆ ಖಾಲಿಯಾಗಿತ್ತು.

ಆಮೇಲೆ ಸ್ವಲ್ಪ ದಿನಕ್ಕೆ ಅಪ್ಪನಿಗೆ ಹೊಟ್ಟೆಹುಣ್ಣು ಜೋರಾಗಿ, ತುಮಕೂರಿನ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಅಪ್ಪ ಹುಷಾರಾಗಿ ಮನೆಗೆ ಬಂದ. ಅದೇ ಸಮಯಕ್ಕೆ ನಮಗೂ ಅದೃಷ್ಟ ಖುಲಾಯಿಸಿತು. ಕಾಲೇಜಿನ ಕಾರ್ಯಕ್ರಮಕ್ಕೆ ಬಂದಿದ್ದ ಬೆಂಗಳೂರಿನ ಹೋಟೆಲ್ ಮ್ಯಾನೇಜರ್ ಒಬ್ಬರು, ತಮ್ಮಲ್ಲಿ ದಿನಾ ಸಾಯಂಕಾಲ ಬಾರಿಸಲು ಒಂದು ಬ್ಯಾಂಡು ಬೇಕು, ಮುಂದಿನ ವಾರ ಬಂದು ಒಂದು ಸಲ ಬಾರಿಸಿ ತೋರಿಸಿ ಎಂದರು. ಹೋಗುವಾಗ ನನ್ನ ಕಡೆ ಕೈ ತೋರಿಸಿ, ಈ ಕೂದಲಿನವನನ್ನು ಮುಂದೆ ನಿಲ್ಲಿಸಿ ಎಂದೂ ಹೇಳಿದರು. ದಿನಾ ಬಾರಿಸುವ ಕೆಲಸ, ಅದೂ ಸಿನಿಮಾ ಹಾಡಿಲ್ಲದೆ. ಕೊಬ್ಬರಿ ಮಂಡಿಯ ಮೆಟ್ಟಿಲ ಮೇಲೆ ನಾವು ನಾಲ್ಕೂ ಜನ ಹುಚ್ಚರ ಹಾಗೆ ಕುಣಿದಾಡಿದೆವು.

ಕುಣಿಗಲ್ಲಿಗೆ ಹೋಗಿ ಮನೆಯಲ್ಲಿ ಹೇಳಿದೆ. ಅವ್ವ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು, ಅಪ್ಪನ ಜೀವಕ್ಕಾಗಿ ದುರ್ಗದ ಬೆಟ್ಟದ ದೇವರಿಗೆ ನನ್ನ ಮುಡಿ ಹರಸಿಕೊಂಡಿರುವುದಾಗಿ ಹೇಳಿದಳು. ದೇವರಾಯನದುರ್ಗದ ದೇವರೇ ನಮ್ಮ ಮನೆದೇವರು. ಬರುವ ಶನಿವಾರವೇ ಕೊಡಬೇಕಂತೆ. ನನ್ನ ಕೂದಲನ್ನು ನನ್ನನ್ನು ಕೇಳದೆ ಹರಸಿಕೊಳ್ಳುವುದಕ್ಕೆ ನೀನು ಯಾರು ಎಂದು ಕೇಳಿದೆ. ಹೆತ್ತವಳು ಎಂದಳು. ಹೋಗಲಿ, ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರ ಮುಂದಿಡು, ಹೋಟೆಲಿನ ಕೆಲಸ ಗಟ್ಟಿಯಾದ ಮೇಲೆ ಕೊಡೋಣ ಎಂದು ಗೋಗರೆದೆ. ತೀರಿಸಲಾಗದ ಹರಕೆಯನ್ನು ಎಲ್ಲರೂ ಹಾಗೇ ಮುಂದಕ್ಕೆ ಹಾಕುತ್ತಾರೆ, ಅವ್ವನೇ ಎಷ್ಟೋ ಸಲ ಹಾಕಿದ್ದಳು.

“ನಿಮ್ಮಪ್ಪನ್ ಉಸ್ರುನ್ನೂ ಬಟ್ಟೇಲಿ ಕಟ್ಟಿ ಇಡಕ್ಕಾಯ್ತದೇನ್ಲಾ?” ಎಂದಳು.

ನಾನು ಅಪ್ಪನ ಕಡೆ ನೋಡಿದೆ. ಮಂಚದ ಮೇಲೆ ಮಲಗಿದ್ದ ಅಪ್ಪ ಹೆಂಚು ನೋಡುತ್ತಿದ್ದ. ಒಂದು ಮಾತು, ಇರಲಿ ಬುಡು ಅನ್ನುವ ಒಂದೇ ಮಾತು ಅವನ ಬಾಯಿಂದ ಬಂದಿದ್ದರೆ ನನ್ನ ಬದುಕು ಬೇರೆಯಾಗಿರುತ್ತಿತ್ತು. ಬರಲಿಲ್ಲ. ಅವನ ಹೊಟ್ಟೆಯ ಮೇಲಿನ ಹೊಲಿಗೆ ಇನ್ನೂ ಹಸಿಯಾಗಿತ್ತು. ಅದನ್ನು ನೋಡಿಕೊಂಡು ನಾನು ಇಲ್ಲ ಎನ್ನುವುದಾದರೂ ಹೇಗೆ?

ಬೆಟ್ಟದಲ್ಲಿ ಚಳಿಯಿತ್ತು. ಕ್ಷೌರಿಕ ತಲೆಗೆ ತಣ್ಣೀರು ತಟ್ಟಿ ಕತ್ತಿ ಇಟ್ಟ. ಮೊದಲ ಹಿಡಿ ಕೂದಲನ್ನು ಅವ್ವ ಸೆರಗಿನಲ್ಲಿ ಹಿಡಿದಳು. ನಾನು ಅಳುತ್ತಿದ್ದೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಅವ್ವನ ಮುಖದಲ್ಲಿ ಅಂಥ ಕಳೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಗಂಡ ಉಳಿದ ಸಂತೋಷ ಎಂದುಕೊಂಡೆ. ಅಪ್ಪ ದೂರದ ಮೆಟ್ಟಿಲ ಮೇಲೆ ಕೂತು ಕೋತಿಗಳಿಗೆ ಕಡಲೆ ಎಸೆಯುತ್ತಿದ್ದ. ನನ್ನ ನುಣ್ಣನೆಯ ತಲೆಗೆ ಗಂಧ ಬಳಿದರು. ಗಾಳಿ ಬೀಸಿದಾಗ ತಲೆ ಕೊಡವಲು ಹೋಗಿ, ಕೊಡವಲು ಏನೂ ಇಲ್ಲವೆಂದು ನೆನಪಾಯಿತು.

ಊರಿಗೆ ಬಂದ ಮೇಲೆ ಅಪ್ಪ ಮಿಷಿನ್ ಮುಂದೆ ಕೂತು, ಕಪ್ಪು ವೆಲ್ವೆಟ್ ತುಂಡಿನಲ್ಲಿ ನನಗೊಂದು ಟೋಪಿ ಹೊಲಿದುಕೊಟ್ಟ. ಅದನ್ನೇ ಹಾಕಿಕೊಂಡು ಬೆಂಗಳೂರಿಗೆ ಹೋದೆ. ಆ ಮ್ಯಾನೇಜರ್ ನಮ್ಮನ್ನೆಲ್ಲ ನೋಡಿ, ಆ ಹುಡುಗ ಎಲ್ಲಿ ಎಂದು ಕೇಳಿದರು. ನಾನೇ ಎಂದೆ. ಟೋಪಿ ತೆಗೆಯಲು ಹೇಳಿದರು. ತೆಗೆದೆ. ಮನೆಯಲ್ಲಿ ಯಾರು ತೀರಿಕೊಂಡರು ಎಂದು ಪಾಪ ಮರುಗಿ ಕೇಳಿದರು. ಯಾರೂ ಇಲ್ಲ ಎಂದೆ. ನಾವು ಬಾರಿಸಿದೆವು, ಅವರು ಕೇಳಿದರು, ಕೊನೆಗೆ ಡ್ರಮ್ಸ್‌ನವನನ್ನು ಪಕ್ಕಕ್ಕೆ ಕರೆದು ಬೆಂಗಳೂರಿನವನೇ ಒಬ್ಬ ಗಿಟಾರ್ ಹುಡುಗನಿದ್ದಾನೆ, ಅವನನ್ನು ಸೇರಿಸಿಕೊಂಡರೆ ಕೆಲಸ ನಿಮ್ಮದೇ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಗೆಳೆಯರು ನನ್ನ ಮುಖ ನೋಡಲಿಲ್ಲ. ಕೂದಲು ಬೆಳೆದ ಮೇಲೆ ಬಾರೋ, ಜಾಗ ಇಟ್ಟಿರ್ತೀವಿ ಎಂದು ಡ್ರಮ್ಸ್‌ನವನು ಹೇಳಿದ. ಕೂದಲು ಮತ್ತೆ ಬೆಳೆಯಿತು. ಜಾಗ ಭರ್ತಿಯಾಗಿಯೇ ಉಳಿಯಿತು.

ಗೆಳೆಯರು ನನಗೆ ಕೊಟ್ಟ ಕೆಲಸವೆಂದರೆ ಬ್ಯಾಂಡಿಗೆ ಬಟ್ಟೆ ಹೊಲಿಯುವುದು. ಹೇಗೂ ನಿನಗೆ ಕೈಗುಣ ಇದೆಯಲ್ಲ ಎಂದರು. ಬೇರೇನು ಮಾಡಲಿ? ಅಪ್ಪನ ಪಕ್ಕ ಎರಡನೆಯ ಮಿಷಿನ್ ಹಾಕಿಕೊಂಡು ಕೂತೆ. ನನ್ನ ಜಾಗಕ್ಕೆ ಬಂದವನ ಎದೆ, ಸೊಂಟ, ತೋಳು ನಾನೇ ಅಳೆದೆ. ಗಿಟಾರಿನ ಪಟ್ಟಿ ಎಡಹೆಗಲನ್ನು ಎಲ್ಲಿ ಉಜ್ಜುತ್ತದೆಂದು ಗೊತ್ತಿತ್ತು, ಅಲ್ಲಿ ಎರಡು ಪದರ ಕೊಟ್ಟೆ. ಕೈ ಬೀಸಿದರೆ ಕಂಕುಳು ಹರಿಯದಂತೆ ಅಲ್ಲೊಂದು ಚೌಕದ ಬಟ್ಟೆ ತುಂಡು ಸೇರಿಸಿದೆ. ಸ್ಟೇಜಿನ ದೀಪಕ್ಕೆ ಯಾವ ಬಟ್ಟೆ ಮಿಂಚುತ್ತದೆ, ಯಾವುದು ಬೆವರಿಗೆ ಮೈಗಂಟುತ್ತದೆ, ಎಲ್ಲ ನನ್ನ ಮೈಗೇ ಗೊತ್ತಿದ್ದದ್ದು. ಒಂದು ಬ್ಯಾಂಡಿನವರು ಇನ್ನೊಂದು ಬ್ಯಾಂಡಿಗೆ ಹೇಳಿದರು. ಎಂಬತ್ತರ ದಶಕ ನಡುವಿಗೆ ಬರುವ ಹೊತ್ತಿಗೆ ತುಮಕೂರಿನಲ್ಲಿ ನನ್ನದೇ ಅಂಗಡಿಯಾಯಿತು, ಬೆಂಗಳೂರಿನಿಂದ ಹುಡುಗರು ಹುಡುಕಿಕೊಂಡು ಬಂದರು. ನಾನು ಬಾರಿಸಬೇಕಿದ್ದದ್ದನ್ನೆಲ್ಲ ಬೇರೆಯವರ ಬೆನ್ನಿಗೆ ಹೊಲಿದು ಕಳಿಸಿದೆ. ಇದಕ್ಕೆ ಜನ ಫ್ಯಾಷನ್ ಅನ್ನುತ್ತಾರೆ.

ಅಂಗಡಿಯ ಪೂಜೆಗೆ ನೆಂಟರೆಲ್ಲ ಬಂದಿದ್ದರು. ಗುಬ್ಬಿಯ ಮಾವ ಗಾಜಿನ ಬಾಗಿಲು ಸವರಿ ನೋಡಿ, ಅಂತೂ ಹುಡುಗ ದಾರಿಗೆ ಬಂದ ಎಂದ. ಅವ್ವ ಅವನ ಮುಂದೆ ಹೆಮ್ಮೆಯಿಂದ ನಗುತ್ತಾ, ಗುಬ್ಬಿ ಮದುವೆ ದಿನವೇ ಹರಸಿಕೊಂಡಿದ್ದೆ ಎಂದಳು. ಮಗ ಆ ಕುಣಿಯುವುದನ್ನು ಬಿಟ್ಟು ಮಿಷಿನ್ ಮೇಲೆ ಕೂತರೆ ಅವನ ಮುಡಿ ಕೊಡುತ್ತೇನೆ ಎಂದಿದ್ದಳಂತೆ, ದೇವರು ನಡೆಸಿಕೊಟ್ಟನಂತೆ. ಕೈಯಲ್ಲಿದ್ದ ಪಾನಕದ ಲೋಟ ಕೆಳಗಿಟ್ಟೆ. ಅದು ಅಪ್ಪನ ಕಾಯಿಲೆಯ ಹರಕೆ ಅಂದಿದ್ದೆಯಲ್ಲ ಎಂದು ಕೇಳಿದೆ.

“ಅಪ್ಪುನ್ ಕಾಯ್ಲೆ ಡಾಕ್ಟ್ರು ವಾಸಿ ಮಾಡುದ್ರು. ನಿನ್ ಕಾಯ್ಲೆಗೆ ಯಾವ್ ಡಾಕ್ಟ್ರು ಇದ್ರು ಹೇಳು?”

“ಆಗ ನಾನಿನ್ನೂ ಬಿಟ್ಟಿರ್ಲಿಲ್ವಲ್ಲವ್ವ, ಮುಡಿ ಯಾಕ್ ಕೊಟ್ಟೆ?”

“ಮುಂಚೇಲೇ ಕೊಟ್ಬುಟ್ಟೆ ಕಣೋ. ಕೊಟ್ಟಿದ್ಕೇ ಅಲ್ವಾ ಆಗಿದ್ದು?”

ಎಲ್ಲರೂ ನಕ್ಕರು. ಅವಳ ಮುಖದಲ್ಲಿ ಬೆಟ್ಟದಲ್ಲಿ ಕಂಡಿದ್ದ ಅದೇ ಕಳೆ. ಮೋಸ ಮಾಡಿದೆನೆಂಬ ಎಳ್ಳಷ್ಟು ಅಳುಕೂ ಇರಲಿಲ್ಲ, ಏಕೆಂದರೆ ಅವಳ ಪಾಲಿಗೆ ಅದು ಮೋಸವೇ ಅಲ್ಲ. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ನಾನು ಅಪ್ಪನ ಕಡೆ ತಿರುಗಿದೆ. ಅಪ್ಪ ಹೊಸ ಮಿಷಿನ್ನಿನ ಸೂಜಿಗೆ ದಾರ ಪೋಣಿಸುತ್ತಿದ್ದವನು ತಲೆ ಎತ್ತಲಿಲ್ಲ. ಅವನಿಗೆ ಗೊತ್ತಿತ್ತು. ಮಂಚದ ಮೇಲೆ ಮಲಗಿ ಹೆಂಚು ನೋಡುತ್ತಿದ್ದಾಗಲೂ ಗೊತ್ತಿತ್ತು. ಆವತ್ತಿನಿಂದ ನಾನು ಅವ್ವನಿಗೆ ಸೀರೆ ಕೊಡಿಸಿದೆ, ಔಷಧಿ ತಂದುಕೊಟ್ಟೆ, ಬೇಕಾದಷ್ಟು ಮಾತ್ರ ಮಾತಾಡಿದೆ.

ಎಂಬತ್ತರ ದಶಕದ ಕೊನೆಯಲ್ಲಿ ಅವ್ವ ತೀರಿಕೊಂಡಳು. ಕರ್ಮದ ದಿನ ಕುಣಿಗಲ್ ಕೆರೆಯ ದಡದಲ್ಲಿ ಹೆತ್ತ ಮಗ ತಲೆ ಬೋಳಿಸಿಕೊಳ್ಳಬೇಕಿತ್ತು. ಅಷ್ಟು ಹೊತ್ತಿಗೆ ನನ್ನ ನೆತ್ತಿ ಬಯಲಾಗುತ್ತಾ ಬಂದಿತ್ತು. ಪಕ್ಕದಲ್ಲಿ ಒಂದಷ್ಟು ಉಳಿದಿತ್ತು, ಅಷ್ಟೇ. ಕ್ಷೌರಿಕ ಚೊಂಬಿನಲ್ಲಿ ನೀರು ತಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. ಅಷ್ಟರಲ್ಲಿ, ಕಲ್ಲಿನ ಮೇಲೆ ಕೂತಿದ್ದ ಅಪ್ಪ ಎದ್ದು ಬಂದು ಅವನ ಕೈ ಹಿಡಿದುಕೊಂಡ.

“ಅವ್ನ್ ತಲೆ ಮುಟ್ಬ್ಯಾಡಪ್ಪ. ಅವ್ಳಿಗೆ ಕೊಡಾದು ಆವತ್ತೇ ಕೊಟ್ಟಾಗೈತೆ,” ಎಂದ.

ನೆಂಟರು ಮುಖ ಮುಖ ನೋಡಿಕೊಂಡರು. ಪುರೋಹಿತರು ಮಂತ್ರ ನಿಲ್ಲಿಸಿದರು. ಅಪ್ಪನ ಕಣ್ಣು ತುಂಬಿತ್ತು. ಜೀವಮಾನದಲ್ಲಿ ಮೊದಲ ಸಲ ಅವನು ನನ್ನ ಪರವಾಗಿ ಬಾಯಿ ಬಿಟ್ಟಿದ್ದ. ನನಗೆ ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಲಿಲ್ಲ. ಆ ಕೈಯನ್ನು ಹಿಡಿದು ಕಿತ್ತೆಸೆಯಬೇಕು ಅನ್ನಿಸಿತು.

“ಈ ಮಾತ್ನ ಆವತ್ತು ಬೆಟ್ಟದಲ್ಲಿ ಆಡ್ಬೇಕಾಗಿತ್ತು ಕಣಪ್ಪ,” ಎಂದೆ.

ಅಪ್ಪ ಕೈ ಬಿಟ್ಟು ಹಿಂದೆ ಸರಿದ. ನಾನು ತಲೆ ತಗ್ಗಿಸಿದೆ. ಕ್ಷೌರಿಕ ನೀರು ತಟ್ಟಿದ.